ಕಚ್ಚಿಟ್ಟ ರೊಟ್ಟಿ

ಸಮರ್ಕಂದದಾಚೆಯ ಬೆಟ್ಟದ ವೀಕ್ಷಣಾಲಯಕ್ಕೆ ಹೊಸಿಯತ್ ಅಡುಗೆಯವಳಾಗಿ ಬಂದಾಗ ಅವಳ ಕೂದಲಿನ್ನೂ ಕಪ್ಪಗಿತ್ತು. ನಮ್ಮ ಈ ಸೀಮೆಯಲ್ಲಿ ದೂರ ಹೊರಟವರು ರೊಟ್ಟಿಯೊಂದನ್ನು ಕಚ್ಚಿಟ್ಟು ಹೋಗುತ್ತಾರೆ. ಮರಳಿ ಬಂದು ಉಳಿದದ್ದನ್ನು ತಿನ್ನುವವರೆಗೆ ಅದು ಗೋಡೆಯ ಮೇಲೆ ತೂಗುತ್ತಲೇ ಇರಬೇಕು. ಎಷ್ಟೋ ವರ್ಷಗಳ ಹಿಂದೆ ರಷ್ಯಾಕ್ಕೆ ದುಡಿಯಲು ಹೋದ ಗಂಡ ಎರ್ಗಶ್ ಕಚ್ಚಿಟ್ಟ ರೊಟ್ಟಿ ಅವಳ ಅಡುಗೆಮನೆಯಲ್ಲಿ ಕಲ್ಲಾಗಿ ಹೋಗಿತ್ತು. ಈ ವಸಂತದಲ್ಲಿ ಅದನ್ನಿಳಿಸಿ ಹಕ್ಕಿಗಳಿಗೆ ಹಾಕಿಬಿಡುವುದೆಂದು ಅವಳು ಮನಸ್ಸು ಗಟ್ಟಿಮಾಡಿಕೊಂಡಿದ್ದಳು.

ಆ ಬೆಳಿಗ್ಗೆ ಖಗೋಳಜ್ಞ ಬಖ್ರೊಮ್ ನಿದ್ದೆಗೆಟ್ಟ ಕಣ್ಣಲ್ಲೇ ಕುಣಿಯುತ್ತ ಬಂದ.

“ಅಕ್ಕಾ, ನೆಪ್ಚೂನಿನ ಆಚೆ ನಾನು ನೋಡ್ತಿದ್ದ ಹಿಮದುಂಡೆಗೆ ಒಂದು ಚಂದ್ರ ಇದೆ!”

“ಸದ್ಯ, ಒಂಟಿಯಲ್ಲ. ಎಲ್ಲಿಗೆ ಹೊರಟಿದೆಯಂತೆ?”

“ಸೂರ್ಯನಿಂದ ದೂರ. ಮತ್ತೆ ಹತ್ತಿರ ಬರೋದು ಮುನ್ನೂರು ವರ್ಷಕ್ಕೆ.”

“ಬರೋದಂತೂ ಖಂಡಿತಾನಾ?”

“ಖಂಡಿತ ಅಕ್ಕಾ.”

ಅವಳು ಒಲೆಯಿಂದ ಬಿಸಿ ರೊಟ್ಟಿ ತೆಗೆದು ಅವನ ಮುಂದೆ ಹಿಡಿದಳು. “ಹಾಗಾದ್ರೆ ಅದರ ಪರವಾಗಿ ನೀನೇ ಕಚ್ಚು. ಎರಡು ಕಡೆ ಕಚ್ಚೋ ಮಾರಾಯ, ಚಂದ್ರಾನೂ ಜೊತೆಗೆ ಹೊರಟಿಲ್ವಾ?”

ಅದನ್ನು ಗೋಡೆಗೆ ನೇತುಹಾಕಿದವಳು, ಪಕ್ಕದಲ್ಲಿದ್ದ ಎರ್ಗಶನ ರೊಟ್ಟಿಯ ಧೂಳನ್ನು ತಲೆವಸ್ತ್ರದ ತುದಿಯಿಂದ ಮೆಲ್ಲಗೆ ಒರೆಸಿದಳು.

“ಮುನ್ನೂರು ವರ್ಷ ಅಂದ್ಯಾ? ನಮ್ಮವರೇನು ಮಹಾ ತಡ ಮಾಡಿಲ್ಲ ಬಿಡು.”