ಅವ್ವನ ಸೀರೆಯ ಉಳಿದರ್ಧ

ಮೊಮ್ಮಗಳು ಮನೆಗೆ ಬಂದಳು! ದಿನ ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ತಿಂಗಳೊಪ್ಪತ್ತು ಮಲಗಿದ್ದ ಕೂಸು ಇವತ್ತು ಚನ್ನಗಿರಿಯ ನಮ್ಮ ಹೊಸ್ತಿಲು ದಾಟಿತು.

ಅದನ್ನು ಸುತ್ತುವುದಕ್ಕೆಂದು ಟ್ರಂಕು ತೆರೆದೆ ನೋಡಿ, ಬಜೆ ಬೇರಿನ ಘಾಟು ಮೂಗಿಗೆ ಬಡಿಯಿತು. ಆ ಕ್ಷಣಕ್ಕೆ ನಾನು ಹೊನ್ನಾಳಿಯ ತವರುಮನೆಯಲ್ಲಿದ್ದೆ. ಆ ಮನೆ ಈಗಿಲ್ಲ. ಹೊಳೆಯ ಕಡೆಯಿಂದ ಬೀಸುವ ತಂಪು ಗಾಳಿ, ಸಗಣಿ ಸಾರಿಸಿದ ನಡುಮನೆ, ಅಗ್ಗಿಷ್ಟಿಕೆಯ ಪಕ್ಕದಲ್ಲಿ ಅವ್ವ. ನಮ್ಮ ಕಡೆ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕುತ್ತಿರಲಿಲ್ಲ. ಉಟ್ಟು ಒಗೆದು ಮೆತ್ತಗಾದ ಸೀರೆ ಹರಿದು ಸುತ್ತುತ್ತಿದ್ದರು. ನನ್ನ ತಮ್ಮ ಹೀಗೆಯೇ ಅವಸರಪಟ್ಟು ಹುಟ್ಟಿದಾಗ ಅವ್ವ ತನ್ನ ಹಸಿರು ನೂಲಿನ ಸೀರೆಯನ್ನು ಅರ್ಧಕ್ಕೆ ಹರಿದಿದ್ದಳು. ನಾನು ಬೆರಳು ಚಾಚಿದರೆ, "ಎಳೇದು ಕಣೇ, ಮುಟ್ಟಬ್ಯಾಡ, ನೋಡು ಅಷ್ಟೇ" ಅನ್ನುತ್ತಿದ್ದಳು. ನಾನು ನೋಡಿದ್ದು ಒಂಬತ್ತೇ ದಿನ, ತಮ್ಮ ಉಳಿಯಲಿಲ್ಲ. ಆಮೇಲೆ ಉಳಿದರ್ಧವನ್ನು ಅವ್ವ ಬಜೆ ಬೇರಿನ ಜೊತೆ ಮಡಿಸಿಟ್ಟಳು. ನನ್ನ ಮಕ್ಕಳು ಹುಟ್ಟಿದಾಗಲೂ ಬೇರೆ ಸೀರೆ ಹರಿದಳೇ ಹೊರತು ಅದನ್ನು ತೆಗೆಯಲಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಗಂಟು ಇದ್ದೀತು. ಅವ್ವ ಹೋದ ಮೇಲೆ ಅದು ನನ್ನ ಟ್ರಂಕಿಗೆ ಬಂತು. ಬಿಚ್ಚಲು ನನಗೂ ಧೈರ್ಯ ಬರಲಿಲ್ಲ.

ಧೈರ್ಯ ಕೊಟ್ಟವಳು ಮಗಳು ಸುಧಾ, ಈ ಕೂಸಿನ ತಾಯಿ. ಕಾಲೇಜಿನಲ್ಲಿ ಫ್ರೆಂಚ್ ಕಲಿಸುತ್ತಾಳೆ. ಆಸ್ಪತ್ರೆಯಲ್ಲಿ ಗಾಜಿನಾಚೆ ನೋಡುತ್ತಾ ನಾನು "ಎಳೇದು, ಎಳೇದು" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರೆ, ಅವಳು ತನ್ನ ದಿಗಿಲು ಮರೆಯಲಿಕ್ಕೋ ಏನೋ, ಪಾಠ ಶುರುಮಾಡಿದಳು.

"ಅಮ್ಮ, ಲ್ಯಾಟಿನ್ ಅಂತ ಒಂದು ಹಳೇ ಭಾಷೆ ಐತೆ. ಅದ್ರಾಗೆ ಎಳೇದಕ್ಕೆ ತೇನೆರ್ ಅಂತಾರೆ. ಆ ಮಾತೇ ಫ್ರಾನ್ಸ್‌ನಾಗೆ ತಾಂದ್ರ್ ಆತು, ಮಮತೆ ಇರೋರಿಗೂ ಹಂಗೇ ಅಂತಾರೆ. ಸ್ಪೇನ್‌ನಾಗೆ ತಿಯೆರ್ನೊ, ಆಗಷ್ಟೇ ಬೇಯಿಸಿದ ಮೆತ್ತನೆ ಬ್ರೆಡ್ಡಿಗೂ ಅದೇ. ರೊಮೇನಿಯಾದಾಗೆ ತನರ್ ಅಂದ್ರೆ ಹರೇದವರು."

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ತಿಳಿಯಿತು. "ಅಂದ್ರೆ ಆ ದೇಶದಾಗೆ ಎಳೇದು ಬದುಕಿ ದೊಡ್ಡದಾಗೈತೆ ಅನ್ನು!" ಎಂದೆ.

"ಪರೀಕ್ಷೆ ಇಟ್ರೆ ನೀನೇ ಫಸ್ಟು ಬಿಡಮ್ಮ" ಎಂದು ಸುಧಾ ಅಷ್ಟು ದಿನಕ್ಕೆ ಮೊದಲ ಸಲ ನಕ್ಕಳು, ನಗುತ್ತಲೇ ಅತ್ತಳು.

ಇವತ್ತು ಉಳಿದರ್ಧವನ್ನು ಹರಿದೆ. ಚರ್ರೆಂದಿತು. ಕೂಸು ಬೆಚ್ಚಲಿಲ್ಲ. ಸಂಜೆ ಮನೆಮಂದಿಯೆಲ್ಲ ಸಾಲಾಗಿ ಉಣ್ಣಲು ಕೂತೆವು. ಸುಧಾಳಿಗೆ ಮೆಣಸಿನ ಸಾರು, ಅನ್ನ; ನಮಗೆ ರೊಟ್ಟಿ, ಬದನೆಕಾಯಿ ಪಲ್ಯ. "ಅತ್ತೆ, ಕೂಸು ಇತ್ತಾಗೆ ಕೊಡ್ರಿ, ನೀವು ಉಣ್ರಿ" ಎಂದ ಅಳಿಯ. "ಹೆಂಗೆ ಕೊಡ್ಲಪ್ಪ?" ಎಂದೆ. ಅವ್ವ ಅಂದು ತಮ್ಮನನ್ನು ಮುಟ್ಟಗೊಡದ ನನ್ನ ಬೆರಳನ್ನು, ಹಸಿರು ಸೀರೆಯೊಳಗಿಂದ ಕೂಸೇ ಹಿಡಿದುಕೊಂಡಿತ್ತು. ಇನ್ನೊಂದು ಕೈಯಲ್ಲೇ ಉಂಡೆ.