ಭೋಂಗಾಗಳ ಪಂಕ್ತಿಭೇದ

ಐವತ್ತರ ದಶಕದಲ್ಲಿ ಕುರ್ಲಾದ ನಮ್ಮ ಚಾಳಿನ ಕನ್ನಡ ಸಂಘದಲ್ಲಿ ಸದಸ್ಯರಿಗಿಂತ ಪದಾಧಿಕಾರಿಗಳೇ ಹೆಚ್ಚು. ಆ ವರ್ಷದ ನಾಡಹಬ್ಬಕ್ಕೆ ನಾನು ಹಾಡಬೇಕೆಂದು ನಿಶ್ಚಯವಾಯಿತು. ಮದುವೆಯಾಗಿ ಬಂದ ಮೇಲೆ ಒಲೆಯ ಮುಂದಷ್ಟೇ ಗುನುಗುತ್ತಿದ್ದವಳಿಗೆ ಮೊದಲ ಸಲ ಮೈಕು ಸಿಗುವುದಿತ್ತು. ಖುಷಿಗೆ ನಿದ್ದೆಯೇ ಹಾರಿಹೋಗಿತ್ತು.

ಮೈಕಿನ ಉಸ್ತುವಾರಿ ನಮ್ಮ ಯಜಮಾನರದು. ರೈಲ್ವೆಯ ತಂತಿ ವಿಭಾಗದಲ್ಲಿ ಕೆಲಸ. ವಿದ್ಯುತ್ತಿನ ವಿಷಯದಲ್ಲಿ ಅವರು ಹೇಳಿದ್ದೇ ಕೊನೆ, ಮನೆಯೊಳಗೆ. ಬಾಡಿಗೆಗೆ ಒಂದು ಆಂಪ್ಲಿಫೈಯರ್ ಪೆಟ್ಟಿಗೆ ಬಂತು, ಜೊತೆಗೆ ನಾಲ್ಕು ಭೋಂಗಾ. ತಗಡಿನ ಲೌಡ್‌ಸ್ಪೀಕರಿಗೆ ನಾವು ಹಾಗೇ ಅನ್ನುತ್ತಿದ್ದೆವು. ಒಂದು ಅಧ್ಯಕ್ಷರ ಬಾಗಿಲ ಮೇಲೆ, ಒಂದು ಕಾರ್ಯದರ್ಶಿಗಳ ಹೋಟೆಲಿನ ಮೇಲೆ, ಉಳಿದೆರಡು ಇಬ್ಬರು ಉಪಾಧ್ಯಕ್ಷರ ಕಿಟಕಿಗಳಿಗೆ. ಸಭಿಕರ ಕಡೆಗೆ ಒಂದೂ ಇಲ್ಲ. ಪಾಪ, ಅವರಿಗೆ ಯಾವ ಪದವಿಯೂ ಇರಲಿಲ್ಲ.

ಕಮಿಟಿಗೆ ಚಹಾ ಕೊಡುತ್ತ ನಾನೂ ಅಲ್ಲೇ ಇದ್ದೆ. ಯಜಮಾನರು ಸೀಮೆಸುಣ್ಣದಿಂದ ಗೋಡೆಯ ಮೇಲೆ ಗೆರೆ ಎಳೆದು ವಿವರಿಸಿದರು: "ಒಂದೊಂದು ಭೋಂಗಾ ಎಂಟ ಓಮ್ ಐತ್ರಿ. ಒಂದರ ವಾಯರ್ ಇನ್ನೊಂದಕ್ಕ ಪೋಣಿಸಿ ಜೋಡಿ ಮಾಡಿ, ಎರಡೂ ಜೋಡಿ ಪೆಟ್ಟಿಗಿಗೆ ಕೂಡಿಸಿದ್ರ ಮತ್ತ ಎಂಟ ಆಗತೈತಿ. ಪೆಟ್ಟಿಗಿ ಆರಾಮ ಇರತೈತಿ. ನಾಲ್ಕಕ್ಕೂ ಬ್ಯಾರೆ ಬ್ಯಾರೆ ವಾಯರ್ ಎಳದ್ರ ಎರಡ ಓಮಿಗೆ ಇಳೀತೈತಿ. ನಾಲ್ಕ ಓಮಿನ ಕೆಳಗ ಇಳದ್ರ ಪೆಟ್ಟಿಗಿ ಭಾರ ತಡೀದ ಸುಟ್ಟ ಹೋಗತೈತಿ."

ಓಮ್ ಯಾರ ತಲೆಗೂ ಹೋಗಲಿಲ್ಲ. ಯಾರ ವಾಯರು ಯಾರ ಮನೆ ದಾಟಿ ಬರುತ್ತದೆ ಎಂಬುದು ಮಾತ್ರ ಎಲ್ಲರಿಗೂ ತಕ್ಷಣ ಹೊಳೆಯಿತು.

"ಅಂದ್ರ ಹೋಟೆಲಿನವರದು ಆದ ಮ್ಯಾಲೆ ನಮಗೇನು?" ಎಂದರು ಬೆಳಗಾವಿ ಕಡೆಯ ಅಧ್ಯಕ್ಷರು. "ನನ್ನ ಎರಡನೇ ಪಂಕ್ತಿಗೆ ಕೂಡಸ್ತೀರೇನ್ರಿ?"

"ನಮಗೂ ಬೇರೆಯೇ ವಯರು ಬೇಕು ಮಾರಾಯ್ರೆ," ಎಂದರು ಉಡುಪಿಯ ಕಾರ್ಯದರ್ಶಿಗಳು.

ಯಾವುದರಲ್ಲೂ ಒಮ್ಮತಕ್ಕೆ ಬಾರದ ಸಂಘ ಇದರಲ್ಲಿ ಬಂತು. ನಾಲ್ಕು ವಾಯರು. ಯಜಮಾನರು ತಲೆಯಾಡಿಸಿ ಹಾಗೇ ಜೋಡಿಸಿದರು.

ಹಬ್ಬದ ಸಂಜೆ ಅಧ್ಯಕ್ಷರು ಕನ್ನಡದ ಹಿರಿಮೆಯ ಬಗ್ಗೆ ಮಾತಾಡಿದರು, ಆಡಿದರು, ಆಡುತ್ತಲೇ ಇದ್ದರು. ಸುಟ್ಟ ವಾಸನೆ ಬರತೊಡಗಿತು. ಊದಿನಕಡ್ಡಿ ಇರಬೇಕೆಂದುಕೊಂಡೆವು. ಕೊನೆಗೂ ನನ್ನ ಸರದಿ ಬಂತು. ಮೊದಲ ಸಾಲು ಎತ್ತಿಕೊಂಡೆನಷ್ಟೇ, ನಾಲ್ಕೂ ಭೋಂಗಾ ಒಟ್ಟಿಗೆ ಗೊರ್ರೆಂದು ಸುಮ್ಮನಾದವು. ಪೆಟ್ಟಿಗೆಯಿಂದ ಹೊಗೆ ಎದ್ದಿತು.

ವಿಚಾರಣೆ ಅಲ್ಲೇ ಮುಗಿಯಿತು. "ಹೆಣ್ಮಕ್ಕಳ ಏರ ದನಿ ಮಷೀನಿಗೆ ಆಗಿ ಬರೂದಿಲ್ರಿ," ಎಂದು ಅಧ್ಯಕ್ಷರು ತೀರ್ಪು ಕೊಟ್ಟರು. ಎಲ್ಲರೂ ಯಜಮಾನರತ್ತ ನೋಡಿದರು. ಅವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು, ಬಹಳ ಶ್ರದ್ಧೆಯಿಂದ. ಮುಂದಿನ ನಾಡಹಬ್ಬಗಳಲ್ಲಿ ಗಂಡಸರಷ್ಟೇ ಹಾಡಿದರು.

ಆ ರಾತ್ರಿ ಮನೆಗೆ ಬಂದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ.

"ಹೇಳಿದ್ರ ನನ್ನ ಮಾತು ಅಲ್ಲಿ ಯಾರು ಕೇಳತಿದ್ರು?" ಎಂದರು.

"ನಾ ಇದ್ದೆನಲ್ರೀ," ಎಂದೆ. "ನಾ ಕೇಳತಿದ್ದೆ."