ಬುಟ್ಟಿ ಮ್ಯಾಲಿನ ಮೊಸರಿನ ಗೆರಿ

ನಮ್ಮ ಮಾಸೂರಾಗ ಸೀಗಿ ಹುಣ್ಣಿವಿ ಬಂತಂದ್ರ ಹೆಣ್ಮಕ್ಕಳ ಕೈ ಸುಮ್ನ ಕುಂದರ್ತಿದ್ದಿಲ್ಲ. ಆಗ ಹೊಲ ತುಂಬಿ ನಿಂತಿರ್ತೇತಿ, ಭೂಮಿ ಬಸರಿ, ಆಕಿಗೆ ಬಯಕಿ ಊಟ ಒಯ್ಬೇಕು. ಒಯ್ಯೂದು ಬಿದಿರಿನ ಬುಟ್ಟ್ಯಾಗ. ಆ ಬುಟ್ಟಿಗೆ ಸಗಣಿ ಬಳದು, ಒಣಗಿಸಿ, ಕೆಮ್ಮಣ್ಣು ಹಚ್ಚಿ, ಪುಂಡಿ ನಾರಿನ ಕುಂಚ ಸುಣ್ಣದಾಗ ಅದ್ದಿ ಚಿತ್ತಾರ ಬರೀತಿದ್ರು. ನನ್ನ ಹೇಣ್ತಿ ಶಾರವ್ವ ನವಿಲು ಬರದ್ಲಂದ್ರ ಕೇಳಬ್ಯಾಡ್ರಿ. ಒಂದ್ ವರ್ಷ ಆಕಿ ಬರದ ಹೆಣ್ಣು ನವಿಲಿನ ಸುದ್ದಿ ತಿಳದು ಬಂಕಾಪುರದ ಕ್ವಾಟಿಯಿಂದ ಗಂಡು ನವಿಲೊಂದು ನಡಕೊಂತ ಬಂದು ನಮ್ಮ ಕಟ್ಟಿ ಮ್ಯಾಲೆ ಕುಂತ್ಬಿಟ್ಟಿತ್ತು, ಹೆಣ್ಣು ಕೊಡ್ರಿ ಅಂತ. ಬುಟ್ಟ್ಯಾಗಿನ ಕಡಬು ಖಾಲಿ ಆಗೂತನಕ ಕೊಡಾಂಗಿಲ್ಲ ಅಂದ್ವಿ. ಸಿಟ್ಟಾಗಿ ಹೋತು. ಸುಳ್ಳು ಅನ್ನಾವ್ರು ಹೋಗಿ ಆ ನವಿಲನ್ನ ಕೇಳ್ರಿ.

ಇರ್ಲಿ. ನಾ ಹೇಳಾಕ ಹೊಂಟಿದ್ದು ಬಾಜೂ ಮನಿ ಯಂಕವ್ವನ ಸುದ್ದಿ.

ಯಂಕವ್ವ ಚಿಕ್ಕೇರೂರಿನಾಕಿ. ಗಿರಿಯಪ್ಪಗ ಕೊಟ್ಟಿದ್ರು. ಮದಗದ ಕೆರಿ ಕೆಳಗ ನನ್ನ ಹೊಲಕ್ಕ ಹೊಂದಿಕೊಂಡು ಅವನ ಹೊಲ. ಅವನ ಬಾಯಾಗಿಂದ ಮಾತು ತಗಿಯೂದಂದ್ರ ಹಾಳು ಬಾವ್ಯಾಗಿಂದ ನೀರು ಸೇದಿದಂಗ, ಹಗ್ಗ ಸವೀತಿತ್ತು, ಕೊಡ ತುಂಬ್ತಿದ್ದಿಲ್ಲ. ಸೊಸಿ ಬಂದ ವರ್ಷ ಅತ್ತಿ ಶೇಖವ್ವ ಬುಟ್ಟಿ ಕೈಯಾಗ ಕೊಟ್ಟು, ನವಿಲೋ ಗಿಳೀನೋ ಬರೀತಾಳಂತ ಕಾಯ್ಕೊಂತ ಕುಂತ್ರ, ಯಂಕವ್ವ ಬರೇ ಗೆರಿ ಎಳದಿದ್ಲು. ಉದ್ದುದ್ದ ಗೆರಿ, ಸುತ್ತಿಕೊಂಡ ಗೆರಿ, ಚುಕ್ಕಿ. ಶೇಖವ್ವ ಬುಟ್ಟಿ ತಿರುಗಿಸಿ ತಿರುಗಿಸಿ ನೋಡಿದ್ಲು.

"ಇದೇನವಾ? ಕ್ವಾಳಿ ಕೆದರೇತೇನು?"

"ಏನೂ ಅಲ್ರಿ ಅತ್ತಿ. ಇವತ್ತ ನನಗ ಹಿಂಗ ಆಗೇತಿ, ಅಷ್ಟ."

ಅವತ್ತಿನಿಂದ ಬೀಸೂ ಕಲ್ಲಿನ ಬಾಜೂ ಗ್ವಾಡಿ ಆಕೀದಾತು. ಖುಷಿ ಇದ್ರ ಗೆರಿ ಎಮ್ಮಿ ಬಾಲದಂಗ ಸಡ್ಲ ಆಡ್ತಿದ್ವು. ಸಿಟ್ಟು ಬಂದ್ರ ಹಣಗಿ ಹಲ್ಲಿನಂಗ ಎದ್ದು ನಿಂದರ್ತಿದ್ವು. ಗಿರಿಯಪ್ಪ ಹೊಲದಿಂದ ಬಂದಾಂವ ಕೆರವು ಬಿಡೂಕಿಂತ ಮೊದ್ಲ ಗ್ವಾಡಿ ನೋಡಾಂವ. ಹಣಗಿ ಕಂಡ್ರ ಹಂಗ ಹಿಂದಕ್ಕ ತಿರುಗಿ ಕೆರಿ ಏರಿ ಮ್ಯಾಲೆ ಹೋಗಿ ಕುಂದರಾಂವ. ಒಮ್ಮೆ ಎಂಥಾ ಸಿಟ್ಟಿನ ಗೆರಿ ಎಳದಿದ್ಲಂದ್ರ, ಆ ಗ್ವಾಡಿ ಆಚಿ ಕಡೆ, ನಮ್ಮ ಅಡಗಿ ಮನ್ಯಾಗ, ಹಾಲು ಒಡದು ಹೋಗಿದ್ವು.

ಅವರಿಗೆ ಒಬ್ಬಾಕಿ ಮಗಳು, ಗುತ್ತೆವ್ವ. ಗುತ್ತಿ ಅಂತಿದ್ವಿ. ಆಗಷ್ಟ ಓಡ್ಯಾಡಾಕ ಕಲ್ತಿದ್ಲು. ಕೈಯಾಗ ಒಂದು ಕಟಗಿ ಹಿಡ್ಕೊಂಡು, ಅದನ್ನ ನೆಲದ ಮ್ಯಾಲೆ ಎಳಕೊಂತ ಅಪ್ಪನ ಹಿಂದ ಹೊಲಕ್ಕ ಹೊಂಡಾಕಿ. ಎಪ್ಪತ್ತೈದನೇ ಇಸವಿ ಶ್ರಾವಣದಾಗ ಜ್ವರ ಬಂತು. ಹಿರೇಕೆರೂರಿಗೆ ಚಕ್ಕಡಿ ಹೂಡಿಕೊಂಡು ಒಯ್ದ್ವಿ. ವಾಪಸ್ ಬರೂ ಮುಂದ ಯಂಕವ್ವ ಕೂಸಿನ ಮುಖದ ಮ್ಯಾಲೆ ಸೆರಗು ಮುಚ್ಚಿದ್ಲು.

ಆಮ್ಯಾಲೆ ಗಿರಿಯಪ್ಪನ ಬಾಯಾಗ ಮಗಳ ಹೆಸರ ಬರಲಿಲ್ಲ. ಯಂಕವ್ವ ತಗದ್ರ ಎದ್ದು ದನದ ಕೊಟ್ಟಿಗಿಗೆ ಹೋಗಿಬಿಡಾಂವ. ಆಕಿ ಶಾರವ್ವನ ಮುಂದ ಕುಂತು ಅತ್ತಿದ್ಲಂತ. ಮಗಳು ಹೋದ್ಲು ಅಕ್ಕಾ, ಅದು ದೇವ್ರ ಇಚ್ಛಾ, ಆದ್ರ ಇಂವ ಮರತುಬಿಟ್ರ ನಾ ಒಬ್ಬಾಕೀನ ಹೆಂಗ ನೆನಸಲಿ ಅಂತ.

ಸೀಗಿ ಹುಣ್ಣಿವಿ ಬಂತು. ಸಾವಾದ ಮನ್ಯಾಗ ಆ ವರ್ಷ ಬುಟ್ಟಿ ಬರ್ಯಾಂಗಿಲ್ಲ. ಬೋಳು ಬುಟ್ಟ್ಯಾಗ ಭೂಮಿಗೆ ಉಣಿಸಿ ಬರೂದು ನಮ್ಮ ಕಡೆ ರೂಢಿ. ಹಬ್ಬದ ಹಿಂದಿನ ದಿನ ಸಂಜಿಮುಂದ ನಾ ನಡುವಿನ ಮೋಟ ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿದ್ರ ಯಂಕವ್ವ ಅಂಗಳದಾಗ ಕುಂತು ಬರ್ಯಾಕತ್ತಾಳ. ಬುಟ್ಟಿ ಕಂಠದಿಂದ ತಳದತನಕ ಒತ್ತೊತ್ತಾಗಿ ದಪ್ಪ ಗೆರಿ, ಕುಂಚ ಮುರಿಯೂವಂಗ ಒತ್ತಿದ್ದು. ಅವುಗಳ ನಡುವ ಒಂದ ಒಂದು ಸಣ್ಣ ಗೆರಿ, ಅತ್ತಾಗ ಇತ್ತಾಗ ವಾಲ್ಯಾಡಿಕೊಂತ ಬುಟ್ಟಿ ಸುತ್ತ ಬಂದು, ಅರ್ಧಕ್ಕ ನಿಂತಿತ್ತು. ಮುಂದ ಬರೇ ಕೆಮ್ಮಣ್ಣು.

ಮಳೀನೇನವಾ ಇದು, ಕೆರಿ ಕಾಲುವೀನೋ, ಅಂತ ನಾ ಶ್ಯಾಣ್ಯಾತನ ಮಾಡಿ ಕೇಳಿದೆ. ತಲಿ ಅಲ್ಲಾಡಿಸಿದ್ಲು. ಶೇಖವ್ವ ಹೊರಗ ಬಂದಾಕಿ, ಮಂದಿ ಏನಂದಾರು, ಇದರ ಮ್ಯಾಲೆ ಸಗಣಿ ಬಳದು ಮುಚ್ಚು ಅಂದ್ಲು. ಯಂಕವ್ವ ಮುಚ್ಚಲಿಲ್ಲ.

ಮುಂಜಾನೆ ಬುಟ್ಟಿ ಹೊಸ್ತಿಲದಾಗ ಇತ್ತು. ಬುಟ್ಟಿ ಹೊರೂದು ಗಂಡಸಿನ ಕೆಲಸ. ಎತ್ತಬ್ಯಾಡ ಅಂತ ಶೇಖವ್ವ ಒಳಗಿಂದನ ಹೇಳಿದ್ಲು. ಗಿರಿಯಪ್ಪ ಬುಟ್ಟೀನ್ನ ನೋಡಿಕೊಂತ ನಿಂತ, ನಿಂತ. ಶಾರವ್ವನ ನವಿಲು ತಲಿ ಮ್ಯಾಲೆ ಹೊತ್ಕೊಂಡು ನಿಂತ ನನಗ ಕುತ್ತಿಗಿ ನೋವು ಬಂತು. ಕಡೀಕ ಅಂವ ಟಾವೆಲ್ ಸಿಂಬಿ ಮಾಡಿ ತಲಿ ಮ್ಯಾಲೆ ಇಟ್ಕೊಂಡು ಬುಟ್ಟಿ ಎತ್ತಿದ.

ಊರ ಅಗಸಿ ಬಾಗಿಲ ಹಂತ್ಯಾಕ ಕುಬೇರಪ್ಪ ಸಿಕ್ಕ. ಅವನ ನಾಲಿಗಿಗೆ ಎಲುಬಿಲ್ಲ.

"ಏನಪಾ ಗಿರಿಯಪ್ಪ, ಈ ವರ್ಷ ಬುಟ್ಟಿ ಕ್ವಾಳಿ ಕಡೆ ಬರಿಸೀಯೇನು?"

ಗಿರಿಯಪ್ಪ ನಡದ. ಹಿಂದ ಯಂಕವ್ವ ತಲಿ ತಗ್ಗಿಸಿ ನಡದ್ಲು.

ಹೊಲದಾಗ ಐದು ಕಲ್ಲು ಇಟ್ಟು ಪೂಜಿ ಮಾಡಿ, ಬುಟ್ಟ್ಯಾಗಿನ ಊಟ ಒಂದೀಟು ಹೊಲದ ಸುತ್ತ ಚರಗ ಅಂತ ಚೆಲ್ಲಿ, ಬದುವಿನ ಮ್ಯಾಲೆ ಎರಡೂ ಮನಿಯಾವ್ರು ಉಣ್ಣಾಕ ಕುಂತ್ವಿ. ಗಿರಿಯಪ್ಪ ತುತ್ತು ಎತ್ತಲಿಲ್ಲ. ಖಾಲಿ ಬುಟ್ಟೀನ್ನ ತೊಡಿ ಮ್ಯಾಲೆ ಇಟ್ಕೊಂಡು, ಆ ಸಣ್ಣ ಗೆರಿ ಮ್ಯಾಲೆ ತೋರುಬಳ್ಳು ಇಟ್ಟು, ಅದು ಹೋದಂಗ ಹೋದ. ಅದು ನಿಂತಲ್ಲೆ ನಿಂತ. ಆಮ್ಯಾಲೆ ಬಾಜೂಕಿದ್ದ ಮೊಸರಿನ ಗಡಿಗ್ಯಾಗ ಬಳ್ಳು ಅದ್ದಿ, ಆ ಗೆರೀನ್ನ ಮುಂದಕ್ಕ ಎಳದ. ಒಕ್ಕಲಿಗನ ಬಳ್ಳು, ನೇಗಿಲು ಹಿಡದಂಗ ಹಿಡದಿದ್ದ. ಗೆರಿ ಸೊಟ್ಟ, ದಪ್ಪ, ನಡುನಡುವ ಹನಿ.

"ಗುತ್ತಿ ಅಲ್ಲಿಗೆ ನಿಂದರ್ತಿದ್ದಿಲ್ಲ," ಅಂದ. "ಹೊಲದತನಕ ಬರ್ತಿದ್ಲು, ಕಟಗಿ ಎಳಕೊಂತ."

ಯಂಕವ್ವ ಸೆರಗು ಬಾಯಿಗೆ ಒತ್ತಿಕೊಂಡ್ಲು. ಅವ ಕೊಟ್ಟಿಗಿಗೆ ಹೋಗೂಹಂಗಿದ್ದಿಲ್ಲ, ಹೊಲದಾಗ ಕೊಟ್ಟಿಗಿ ಎಲ್ಲಿಂದ ಬರಬೇಕು. ಅಲ್ಲೇ ಕುಂತು ಅತ್ತ. ಶಾರವ್ವ ನನ್ನ ತೊಡಿ ಚೂಟಿದ್ಲು. ನಮ್ಮೆತ್ತು ತಪ್ಪಿಸಿಕೊಂಡಾವು ಅಂತ ಹೇಳಿ ಇಬ್ಬರೂ ಎದ್ದು ಹೋದ್ವಿ. ಅವತ್ತ ಎತ್ತು ಮನ್ಯಾಗ ಮಲಗಿದ್ವು.

ಮನಿಗೆ ಬರೂದ್ರೊಳಗ ಇರಬಿ ಹತ್ತಿ ಆ ಮೊಸರಿನ ಗೆರೀನ್ನ ಅರ್ಧ ತಿಂದಿದ್ವು.

ಮುಂದ ಅವರಿಗೆ ನಾಗವ್ವ ಹುಟ್ಟಿದ್ಲು. ಆ ವರ್ಷದ ಬುಟ್ಟಿ ತುಂಬ ಗೆರಿ ಕುಣೀತಿದ್ವು. ಆದ್ರೂ ವರ್ಷಾ ವರ್ಷಾ ನಡುವ ಆ ಸಣ್ಣ ಗೆರಿ ಬಂದು ಅರ್ಧಕ್ಕ ನಿಂದರ್ತಿತ್ತು, ಮುಂದ ಜಾಗಾ ಬಿಟ್ಟಿರ್ತಿದ್ಲು. ಹೊಲದಾಗ ಉಂಡ ಮ್ಯಾಲೆ ಗಿರಿಯಪ್ಪ ಬಳ್ಳಿಗೆ ಮೊಸರು ಹಚ್ಚಿಕೊಳ್ಳಾಂವ, ಮಗಳ ಸುದ್ದಿ ಒಂದೆರಡು ಮಾತು ಆಡಾಂವ. ಎಂಬತ್ತರ ಹೊತ್ತಿಗೆ ಊರಾಗ ಎಷ್ಟೋ ಮಂದಿ ಸ್ಟೀಲ್ ಡಬ್ಬ್ಯಾಗ ಬುತ್ತಿ ಒಯ್ಯಾಕ ಹತ್ತಿದ್ರು. ಇವರು ಬುಟ್ಟಿ ಬಿಡಲಿಲ್ಲ.

ಒಮ್ಮೆ ನಾ ಯಂಕವ್ವಗ ಹೇಳಿದೆ, ಅವನ ಕೈಗೆ ಒಂದೀಟು ಸುಣ್ಣ ಕೊಡವಾ, ಮೊಸರಿನ ಗೆರಿ ಇರಬಿ ಪಾಲಾಗತೇತಿ, ಸುಣ್ಣದ್ದಾದ್ರ ಉಳೀತೇತಿ ಅಂತ.

"ಉಳಿಯೂದು ಬ್ಯಾಡ ಯಣ್ಣಾ," ಅಂದ್ಲು. "ವರ್ಷಾ ವರ್ಷಾ ಅಂವ ಬರೀಲಿ."